ಕಲೆಯಿಲ್ಲದ ಚಾವಣಿ

ಓಹಾಯೋದ ನಮ್ಮೂರಿನ ಡೋನಟ್ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿ ಮಿಸೆಸ್ ಪೆಟ್ರಾಕ್ ನಿಂತಿದ್ದರು. ಜೊತೆಗಿದ್ದವರು ಆ ಶಾಲೆಯ ಕಟ್ಟಡ ನೋಡಿಕೊಳ್ಳುವ ವೆಂಡೆಲ್.

“ಸರ್ಕಾರದವರ ಕಟ್ಟಡ ಪರೀಕ್ಷೆಯ ವರದಿ ಬಂತು ವೆಂಡೆಲ್. ಚಾವಣಿ ಚೆನ್ನಾಗಿದೆ ಅಂತ ಬರೆದಿದ್ದಾರೆ.”

“ಮೇಲೆ ಹತ್ತಿ ನೋಡಲಿಲ್ವಾ ಅವರು?”

“ಹಿಮ ಇತ್ತಲ್ಲ. ಒಳಗಿಂದಲೇ ನೋಡಿದ್ರು. ಒಂದು ಕಲೆಯೂ ಕಾಣಲಿಲ್ವಂತೆ. ಚಾವಣಿ ಒಳಗಡೆ ನೀರು ಕುಡಿದು ಉಬ್ಬಿದ್ದ ಹಲಗೆಗಳೆಲ್ಲ ಎಲ್ಲಿ ಹೋದ್ವು?”

“ಅವರು ಬರೋ ಹಿಂದಿನ ಭಾನುವಾರ ನಾನೇ ಬದಲಾಯಿಸಿದೆ. ಸೋರೋ ಕಡೆ ಇಟ್ಟಿದ್ದ ಬಕೆಟ್‌ಗಳನ್ನ ಬಾಯ್ಲರ್ ಕೋಣೆಗೆ ಹಾಕಿದೆ.”

“ಯಾಕ್ರೀ ಹಾಗೆ ಮಾಡಿದ್ರಿ?”

“ಮನೆಗೆ ನೆಂಟರು ಬರ್ತಾರೆ ಅಂದ್ರೆ ನೀವು ಗುಡಿಸಲ್ವಾ? ಇಪ್ಪತ್ತೆರಡು ವರ್ಷ ನೋಡಿಕೊಂಡಿರೋ ಕಟ್ಟಡ. ಗಲೀಜು ಅನ್ನಿಸಿಕೊಳ್ಳಲಾ?”

“ಡಾಕ್ಟರ ಹತ್ತಿರ ಹೋಗೋವಾಗ ಯಾರಾದ್ರೂ ಗಾಯಕ್ಕೆ ಪೌಡರ್ ಹಚ್ಚಿಕೊಂಡು ಹೋಗ್ತಾರಾ?”

ವೆಂಡೆಲ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ಮತ್ತೆ ಕರೆಸಿ. ನಾನೇ ಏಣಿ ಹಾಕಿ ಹತ್ತಿಸ್ತೀನಿ.”

“ಇನ್ನು ಐದು ವರ್ಷ ಬರಲ್ಲ. ಈ ವರದಿ ನೋಡಿ, ನಮಗೆ ಬರಬೇಕಾದ ಹೊಸ ಚಾವಣಿಯ ಹಣ ಬೇರೆ ಶಾಲೆಗೆ ಕೊಟ್ಟುಬಿಟ್ರು.”

“ಒಂದನೇ ತರಗತಿ ಮಕ್ಕಳು ಎಲ್ಲಿ ಕೂರ್ತಾರೆ? ಹಿಮ ಕರಗಿದ್ರೆ ಆ ಕೋಣೆ ಪೂರ್ತಿ ಸೋರುತ್ತೆ.”

“ಲೈಬ್ರರಿಗೆ ಕಳಿಸ್ತೀನಿ. ಅದೊಂದಾದ್ರೂ ಒಣಗಿದೆ.”

ವೆಂಡೆಲ್ ಬೇಡವೆಂಬಂತೆ ತಲೆಯಾಡಿಸಿದರು.

“ಅಲ್ಲೂ ಸೋರುತ್ತೆ ಮಿಸೆಸ್ ಪೆಟ್ರಾಕ್. ದಿನಾ ನೀವು ಬರೋದರೊಳಗೆ ಒರೆಸಿಬಿಡ್ತಿದ್ದೆ.”

ಗಲ್ಲಾದ ಹುಡುಗಿ ಏನು ಬೇಕೆಂದು ಕೇಳಿದಳು. ಮಿಸೆಸ್ ಪೆಟ್ರಾಕ್ ಏನೂ ಬೇಡವೆಂದು ಸಾಲಿನಿಂದ ಹೊರಬಂದರು.

“ಬನ್ನಿ, ಶಾಲೆಗೆ ಹೋಗೋಣ. ಎಲ್ಲೆಲ್ಲಿ ಒರೆಸ್ತೀರಿ ಅಂತ ಮೊದಲು ನನಗೆ ತೋರಿಸಿ.”