ಮುಂಚೆ ಬಂದ ಬೆಳಕು

ಕಡ್ಲೇಕಾಯಿ ಕೀಳುವ ಕಾಲ. ಮಡಕಶಿರಾ ಬಸ್‌ಸ್ಟ್ಯಾಂಡಿನ ನೆರಳಲ್ಲಿ ಗಂಗಣ್ಣ ಮೂಟೆ ಇಳಿಸಿಕೊಂಡು ಕೂತಿದ್ದ. ಪಕ್ಕದಲ್ಲಿ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೊರಟ ಕದರಮ್ಮ. ಅವಳನ್ನು ಹುಡುಕಿಕೊಂಡು ಸ್ಟುಡಿಯೋದ ರಾಮಾಂಜಿ ಹಳೇ ಕ್ಯಾಮೆರಾ ಹಿಡಿದು ಬಂದ.

“ಅಕ್ಕ, ನಿಂದೂ ಮಗೂದೂ ಫೋಟೋ ಬರ್ಲಿಲ್ಲ. ಬರೀ ಕಪ್ಪು.”

“ಅದೆಂಗಣ್ಣ? ಫಳ್ ಅಂತ ಬೆಳಕು ಬಿತ್ತಲ್ಲ.”

“ಬಿತ್ತು. ಕ್ಯಾಮೆರಾ ನಮ್ಮಪ್ಪಂದು, ಫ್ಲಾಶು ಹೊಸ್ದು. ಅಪ್ಪನ ಕಾಲದ ಬಲ್ಬು ನಿಧಾನಕ್ಕೆ ಹತ್ಕೊಳ್ಳೋದು. ಅದಕ್ಕೆ ಕ್ಯಾಮೆರಾ ಮೊದ್ಲು ಬಲ್ಬು ಹಚ್ಚಿ, ಆಮೇಲೆ ಕಣ್ಣು ಬಿಡೋದು. ಹೊಸ್ದು ಅಷ್ಟರಾಗೆ ಆರೋಗ್ತೈತೆ. ಇಲ್ಲೊಂದು ಕಡ್ಡಿ ಐತೆ ನೋಡು, ಇದನ್ನ ಈ ಕಡೆ ತಳ್ಳಬೇಕಿತ್ತು. ಮರ್ತೆ.”

“ನಾವು ನಗ್ತಾ ಕೂತಿದ್ದು ಅದಕ್ಕೆ ಕಾಣ್ಲೇ ಇಲ್ಲ ಅನ್ನು.”

“ಹೂಂ ಕಣಕ್ಕ.”

“ಹಾಸ್ಟೆಲ್‌ನಾಗೆ ದಿಂಬಿನ ಕೆಳಗೆ ಇಟ್ಕೊಳಾಣ ಅಂತಿದ್ದೆ.”

“ಮಗೂನ ಕರ್ಸು, ಈಗ್ಲೇ ಹೊಡಿತೀನಿ.”

“ಅವ್ನು ಆಗ್ಲೇ ನಮ್ಮೂರು ರೊಳ್ಳದಾಗೆ, ನಮ್ಮವ್ವನ ಹತ್ರ.”

ಕದರಮ್ಮ ಎದ್ದು ಸೆರಗು ಸರಿಮಾಡಿಕೊಂಡಳು.

“ನನ್ನೊಬ್ಳದೇ ಹೊಡಿ. ಅವ್ನಿಗೆ ಕೊಡು. ಅವ್ನಿಗಿನ್ನೂ ಮೂರೇ ವರ್ಷ, ಯುಗಾದಿಗೆ ನಾನು ಬರೋ ಹೊತ್ತಿಗೆ ನನ್ ಮುಖ ಮರ್ತಿರ್ತಾನೆ.”

ಗಂಗಣ್ಣ ಅವಳ ಹಿಂದಿದ್ದ ಮೂಟೆಯನ್ನು ಪಕ್ಕಕ್ಕೆ ಎಳೆದುಕೊಂಡ. ರಾಮಾಂಜಿ ಕಡ್ಡಿ ತಳ್ಳಿ, ಎರಡು ಸಲ ನೋಡಿಕೊಂಡು ಒತ್ತಿದ. ಬಸ್ಸು ಬಂತು.

“ನಾನೇ ರೊಳ್ಳಕ್ಕೆ ಹೋಗಿ ಕೊಡ್ತೀನಿ ಅಕ್ಕ.”

“ಗೋಡೆ ಮ್ಯಾಲೆ ಎತ್ತರಕ್ಕೆ ತೂಗಾಕ್ಬೇಡ ಅಂತ ನಮ್ಮವ್ವನಿಗೆ ಹೇಳು. ಅವ್ನ ಕೈಗೆ ಎಟುಕಂಗಿರ್ಲಿ,” ಎಂದು ಕದರಮ್ಮ ಬಸ್ಸು ಹತ್ತಿದಳು.