ಬಾಯಿಗಿಟ್ಟ ಪ್ರಸಾದ

...ಬಾಯಿ ತೆಗೀರಿ ಅಂದ್ರೆ. ತಣ್ಣಗಿನ ಹಾಲು ರೀ, ಬೆರಳು ಅದ್ದಿ ನೋಡಿದೀನಿ. ಯಾಕೆ ತಲೆ ಆಡಿಸ್ತೀರಿ? ಒಂದು ಚಮಚ ಇಳಿದ್ರೂ ಸಾಕು ಅಂದಿದಾರೆ ಡಾಕ್ಟ್ರು. ಇಳೀಲಿಲ್ಲ ಅಂದ್ರೆ ಸಂಜೆಗೆ ಮೂಗಿಂದ ಪೈಪು ಹಾಕ್ತಾರಂತೆ. ಅನ್ನನಾಳ ಒಳಗೆಲ್ಲ ಬೆಂದು ಬೊಬ್ಬೆ ಎದ್ದಿದೆ ಅಂದ್ರು.

ಎಂಜಲು ನುಂಗೋಕೂ ಆಗ್ತಿಲ್ಲ... ಗೊತ್ತು ಕಣ್ರೀ. ಟವೆಲೆಲ್ಲ ಒದ್ದೆ.

ನಗ್ತೀರಾ? ನಗಿ. ಸಿಸ್ಟರ್ ಬೊಳ್ಳಮ್ಮನೂ ನಗ್ತಾಳೆ, ಕಡುಬು ತಿಂದು ಅಡ್ಮಿಟ್ ಆದೋರು ನೀವೇ ಮೊದಲಂತೆ. ಕಾಯಿಕಡುಬಿನ ಗುಣ ಅವಳಿಗೇನು ಗೊತ್ತು? ಮೇಲೆ ಆರಿದಂಗೆ ಇರ್ತದೆ, ಒಳಗೆ ಬೆಲ್ಲ ಕೊತಕೊತ ಕುದೀತಿರ್ತದೆ. ಹಬೆಯಿಂದ ಇಳಿಸಿದ್ದನ್ನ ಹಂಗೇ ತಂದಿಟ್ಟೆ ನಾನು. ಏನ್ ಮಾಡ್ಲಿ? ಶಿರಂಗಾಲದ ನಮ್ಮನೆಗೆ ಸ್ವಾಮಿಗಳು ಪಾದಪೂಜೆಗೆ ಬಂದಿದ್ದೇ ಮೊದಲು, ಅವರನ್ನ ಕಾಯಿಸೋಕಾಗ್ತದಾ?

ನೀವೂ ಅಷ್ಟೇ. ಅವರು ಕೈಯಾರೆ ಎತ್ತಿ ಕೊಟ್ರು ಅಂತ ಇಡೀ ಕಡುಬು ಬಾಯಿಗೆ ಹಾಕ್ಕೊಳೋದಾ? ಮುರಿದು ತಿಂದಿದ್ರೆ... ಇಲ್ಲಪ್ಪ, ಬೈತಿಲ್ಲ.

ನಮ್ಮ ಅಮೃತಾ ಕೇಳಿದ್ಲು, ಅಪ್ಪ ಉಗುಳಬಹುದಿತ್ತಲ್ಲಮ್ಮ ಅಂತ. ಗುರು ಕೊಟ್ಟ ಪ್ರಸಾದ ಉಗುಳ್ತಾರೇನೇ, ನಿಮ್ಮಪ್ಪನ ನಿಷ್ಠೆ ಅಂಥದ್ದು ಅಂದೆ. ಡಾಕ್ಟ್ರಿಗೂ ಹಂಗೇ ಹೇಳಿದೆ. ಸರಿ ತಾನೇ?

ಹೂಂ ಅನ್ನೋಕೆ ಗಂಟಲು ಬೇಕಾಗಿಲ್ಲ, ತಲೆ ಆಡಿಸಿದ್ರೆ ಸಾಕು. ಹಾಲು ಬೇಡ ಅಂತ ಆಡಿಸಿದ್ರಲ್ಲ ಈಗ.

...ಹಂಗೆ ನೋಡ್ಬೇಡಿ. ಅವತ್ತೂ ಹಿಂಗೇ ನೋಡಿದ್ರಿ. ಕಣ್ಣ ತುಂಬ ನೀರು, ಬಾಯಿಗೆ ಕೈ ಅಡ್ಡ. ಉಗುಳೋಕೆ ಅಂತಲೇ ಎದ್ರಿ. ಊರೋರೆಲ್ಲ ಕೂತಿದ್ರು, ಸ್ವಾಮಿಗಳು ಎದುರಿಗೇ ಇದ್ರು... ನಾನು ಭುಜ ಒತ್ತಿ ಕೂರಿಸ್ದೆ. ನುಂಗ್ರೀ, ಮಾನ ಕಳೀಬೇಡಿ ಅಂತ ಕಿವೀಲಿ ಅಂದೆ. ನುಂಗಿಬಿಟ್ರಿ.

ಮಗಳಿಗೆ ಹೇಳ್ಲಿಲ್ಲ ನೀವು. ಸನ್ನೇಲಾದ್ರೂ ತೋರಿಸಬಹುದಿತ್ತು, ತೋರಿಸ್ಲಿಲ್ಲ. ಎರಡು ಬೈಗುಳ ಬೈದಿದ್ರೂ ಹಗುರಾಗ್ತಿತ್ತು ನಂಗೆ.

ಬಾಯಿ ತೆಗೆದ್ರಾ? ತಗೊಳ್ಳಿ, ಸ್ವಲ್ಪ ಸ್ವಲ್ಪ... ಹಾಂ. ಇಳೀತಾ?

ಇಳೀತಿಲ್ವಾ? ಬಾಯಲ್ಲೇ ಇಟ್ಕೊಂಡು ನನ್ನ ಮುಖ ನೋಡ್ತಿದೀರಲ್ರೀ, ಏನು ಹೇಳ್ಲಿ? ಡಾಕ್ಟ್ರು ಹೇಳು ಅಂದ ಮಾತು, ಅವತ್ತು ನಿಮ್ಮ ಕಿವೀಲಿ ಅಂದಿದ್ನಲ್ಲ ಅದೇ, ನನ್ನ ಬಾಯಿಗೇ ಬರ್ತಿಲ್ಲ.

ಪೈಪು ಹಾಕಿದ್ರೆ ಹಾಕ್ಲಿ. ಟವೆಲ್ ಬೇಡ, ಇಗೊಳ್ಳಿ, ನನ್ನ ಕೈಗೇ ಉಗುಳಿ.