ಬಾವಿಗೆ ಹೂಂ ಅಂದವನ ಬೀಗ

ದೀಪ ಸಣ್ಣಗೆ ಮಾಡಿ. ಫೋನುಗಳನ್ನು ಆಚೆ ಕೋಣೆಯಲ್ಲಿಟ್ಟು ಬನ್ನಿ... ಎಲ್ಲವನ್ನೂ. ನಾನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ, ನಿಜ. ಆದರೆ ಓದಿದವರು ಏಳು ಜನ್ಮ ಎತ್ತಿದರೂ ನಾನು ಕಂಡದ್ದನ್ನು ಕಾಣಲಾರರು. ಇದು ನನ್ನ ಅಕ್ಕನ ಮಗನಿಗೆ ಆದದ್ದು. ಸುಳ್ಳಾದರೆ ನನ್ನ ನಾಲಿಗೆ ಬಿದ್ದುಹೋಗಲಿ.

ಮನೆಮನೆಗೆ ಬೀಗ ಕೂರಿಸುವುದು ಅವನ ಕಸುಬು. ಅದಕ್ಕೇ ಎಲ್ಲರೂ ಅವನನ್ನು ಚಿಲಕ ಅಂತಲೇ ಕರೆಯುವುದು. ಕೀಲಿಕೈ ಹಾಕಿ ತಿರುಗಿಸುವ ಬೀಗ ಅಂದುಕೊಳ್ಳಬೇಡಿ. ಫೋನು ಹತ್ತಿರ ತಂದರೆ ತಾನೇ ತೆರೆಯುವ, ತಂತಿಯಿಲ್ಲದ ಬೀಗ.

ಅವತ್ತು ಕೆಲಸ ಮುಗಿಸಿ ಬರುವಾಗ ಹೊತ್ತು ಮೀರಿತ್ತು. ನಮ್ಮ ಕಟ್ಟಡದ ಹಿಂದೆ ಒಂದು ಪಾಳು ಬಾವಿ ಇದೆ. ಮೇಲೆ ಕಬ್ಬಿಣದ ಜಾಲರಿ ಹಾಕಿ ಮುಚ್ಚಿದ್ದಾರೆ. ರಸ್ತೆ ಸುತ್ತಿ ಬಂದರೆ ದೂರ, ಬಾವಿ ಪಕ್ಕದಲ್ಲಿ ಬಂದರೆ ಹತ್ತಿರ. ಕಿವಿಗೆ ಹಾಡು ಸಿಕ್ಕಿಸಿಕೊಂಡು ಹತ್ತಿರದ ದಾರಿಯಲ್ಲೇ ಬಂದ.

ಬಾವಿಯ ಹತ್ತಿರ ಹಾಡು ನಿಂತಿತು. ಸುಮ್ಮನೆ ನಿಂತಿತು...

ಟಿಣ್.

ಫೋನು ಬೆಳಗಿತು. ಯಾವುದೋ ಹೊಸ ಸಾಧನ ಜೋಡಿಯಾಗಬೇಕು ಅನ್ನುತ್ತಿದೆ, ಒಪ್ಪಿಗೆಯೇ, ಅಂತ. ಹೆಸರಿರಬೇಕಾದ ಜಾಗ ಖಾಲಿ. ಯಾರ ಮನೆಯ ಟಿವಿಯೋ ಏನೋ ಅಂದುಕೊಂಡ. ಹಾಡು ಮುಂದುವರಿದರೆ ಸಾಕು ಅಂತ ಅವಸರದಲ್ಲಿ ಹೂಂ ಒತ್ತಿಬಿಟ್ಟ.

ಜಾಲರಿ ಕಿರ್ರ್... ಅಂತು. ಗಾಳಿ ಇರಲಿಲ್ಲ.

ರಾತ್ರಿ ಹೊತ್ತು ಒಂದೇ ಕೂಗಿಗೆ ಓಗೊಡಬಾರದು ಅಂತ ಹಿರಿಯರು ಹೇಳಿದ್ದು ಬಾಯಿಗೆ ಮಾತ್ರವಲ್ಲ ಕಣ್ರೀ, ಬೆರಳಿಗೂ.

ಅವನ ಮನೆ ಮೂರನೇ ಮಾಳಿಗೆ. ನನ್ನದು ಸರಿಯಾಗಿ ಅದರ ಕೆಳಗೆ. ಚಿಲಕ ಇನ್ನೂ ಮೆಟ್ಟಿಲ ಮೇಲಿರುವಾಗಲೇ ಬಾಗಿಲು ತೆರೆದುಕೊಂಡಿತು. 'ಪರವಾಗಿಲ್ಲ, ಒಳ್ಳೇ ಬೀಗ' ಅಂತ ಹೆಮ್ಮೆಪಟ್ಟುಕೊಂಡು ಒಳಗೆ ಹೋದ. ಹಿಂದೆ ಬಾಗಿಲು ತಾನೇ ಮುಚ್ಚಿತು. ಗ್ರ್‌ರ್... ಟಕ್.

ಹೆಂಡತಿ ಹಾಸಿಗೆಯ ಅಂಚಿನಲ್ಲಿ ಕೂತಿದ್ದಳು. ಉಬ್ಬಸದವಳು. ಎದೆಯಿಂದ ಸಣ್ಣಗೆ ಸದ್ದು... ಹುಯ್ಯ್... ಹುಯ್ಯ್...

"ಯಾರ ಜೊತೆ ಬಂದ್ರಿ?" ಅಂದಳು.

"ಒಬ್ನೇ."

"ಇಬ್ರು ಹತ್ತೋ ಸದ್ದು ಬಂತು."

"ನಿಂಗೆ ಮೊದ್ಲು ಮದ್ದು ಬೇಕು. ಪಂಪು ಎಲ್ಲಿ?"

ಪಂಪು ಕೈಯಲ್ಲೇ ಇತ್ತು. ಬಾಯಿಗಿಟ್ಟು ಒತ್ತಿದಳು. ಸ್ಸ್... ಬರೀ ಗಾಳಿ. ಇನ್ನೂ ಇದೆ ಇನ್ನೂ ಇದೆ ಅಂತ ಅಲ್ಲಾಡಿಸಿ ಅಲ್ಲಾಡಿಸಿ ತಳ ಕಾಣಿಸಿದ್ದಳು. ಬೀದಿಯ ಮೂಲೆಯಲ್ಲೇ ಆಸ್ಪತ್ರೆ, ಅದರ ಮದ್ದಿನಂಗಡಿ ರಾತ್ರಿಯಿಡೀ ತೆಗೆದಿರುತ್ತೆ. ಚಿಲಕ ಚಪ್ಪಲಿ ಬಿಚ್ಚದೆ ಹಾಗೇ ತಿರುಗಿ ಫೋನನ್ನು ಬಾಗಿಲಿಗೆ ಹಿಡಿದ.

ಗ್ರ್‌ರ್... ಬೀಗದ ನಾಲಿಗೆ ಅರ್ಧ ಒಳಗೆ ಹೋಯಿತು. ನಿಂತಿತು. ಮತ್ತೆ ಹೊರಗೆ ಬಂತು. ಟಕ್.

ಇನ್ನೊಂದು ಸಲ. ಗ್ರ್‌ರ್... ಟಕ್.

ಬೀಗದೊಳಗಿಂದ ಯಾರೋ ನಾಲಿಗೆಯನ್ನು ಹೊರಗೆ ದೂಡಿ ಹಿಡಿದ ಹಾಗೆ.

ಈ ಬೀಗದ ಸಂಗತಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಿಮಗೆ ಮುಂದಿನದು ತಿಳಿಯುವುದಿಲ್ಲ. ಅಗ್ಗದ ಬೀಗ. ಕೀಲಿಯ ತೂತಿಲ್ಲ, ತಿರುಗಿಸಲು ಗುಬುಟಿಲ್ಲ, ಎರಡೂ ಕಡೆ ನುಣ್ಣಗೆ ಕನ್ನಡಿ. ಜೋಡಿಸಿಕೊಳ್ಳಲು ಕೇಳುವ ಅಂಕಿ ನಾಲ್ಕು ಸೊನ್ನೆ. ಊರಿಗೆಲ್ಲ ಅದೇ ನಾಲ್ಕು ಸೊನ್ನೆ. "ಬದಲಾಯಿಸೋ" ಅಂತ ನಾನೇ ಬಾಯಿ ಬಿಟ್ಟು ಹೇಳಿದ್ದೆ. "ಯಾರು ಕೂತ್ಕೊಂಡು ಬದಲಾಯಿಸ್ತಾರೆ ಮಾವ, ಬಂದಂಗೆ ಇರ್ಲಿ" ಅಂದಿದ್ದ. "ಬಾಗಿಲಿಗೆ ಬೀಗ ಜಡಿದು ಕೀಲಿನ ಹೊಸಿಲ ಮೇಲೆ ಇಟ್ಟಂಗಾಯ್ತಲ್ಲೋ" ಅಂದರೆ ನಕ್ಕಿದ್ದ.

ಅಷ್ಟೇ ಅಲ್ಲ. ಫೋನೂ ಬೀಗವೂ ಮೊದಲು ತಮ್ಮತಮ್ಮಲ್ಲಿ ಒಂದು ಗುಟ್ಟಿನ ಮಾತು ಒಪ್ಪಿಕೊಳ್ಳುತ್ತವಂತೆ. ನಡುವೆ ಒಬ್ಬ ದಲ್ಲಾಳಿ ನುಗ್ಗಿ ಇತ್ತ ಕಡೆಗೆ 'ಅವರಿಗೆ ಒಂದಕ್ಷರದ ಗುಟ್ಟು ಸಾಕಂತೆ' ಅಂತ, ಅತ್ತ ಕಡೆಗೆ 'ಇವರಿಗೂ ಅಷ್ಟೇ ಸಾಕಂತೆ' ಅಂತ ಹೇಳಿದರೆ ಎರಡೂ ಕೋಲೆಬಸವನ ಹಾಗೆ ತಲೆಯಾಡಿಸುತ್ತವೆ. ಒಂದಕ್ಷರದ ಗುಟ್ಟು ಯಾವ ಸೀಮೆ ಗುಟ್ಟು? ಮದುವೆ ಇವರದು, ಮನೆಯೊಳಗೆ ದಲ್ಲಾಳಿ!

ಚಿಲಕನಿಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ ತನ್ನ ಮನೆಗೇ ಅದನ್ನು ಕೂರಿಸಿದ್ದ.

"ನಿಮ್ ಬೀಗ... ಕಳ್ಳರಿಗಲ್ಲ ರೀ... ಮನೆಯವರಿಗೆ" ಅಂದಳು ಹೆಂಡತಿ. ಆ ಸ್ಥಿತಿಯಲ್ಲೂ ಕುಟುಕದೆ ಬಿಡಲಿಲ್ಲ. ಆಮೇಲೆ ಮಾತಾಡಲು ಉಸಿರು ಸಾಲಲಿಲ್ಲ. ತುಟಿ ನೀಲಿಗಟ್ಟುತ್ತಿತ್ತು.

ಅವಳ ಫೋನಿನಿಂದ ಆಸ್ಪತ್ರೆಗೆ ಕರೆ ಮಾಡಿದ. ಬರುತ್ತೇವೆ ಅಂದರು. ಬಂದರೂ ಬಾಗಿಲು ಬಾಗಿಲೇ. ಕಿಟಕಿಗೆಲ್ಲ ಸರಳು. ಬೀಗದ ಸೆಲ್ಲು ಕಿತ್ತರೆ ನಾಲಿಗೆ ಇದ್ದಲ್ಲೇ ಸತ್ತುಹೋಗುತ್ತೆ, ಆಮೇಲೆ ಬ್ರಹ್ಮ ಬಂದರೂ ತೆಗೆಯಲಾರ. ತಿರುಪು ಬಿಚ್ಚೋಣ ಅಂದರೆ ಬಾಗಿಲು ತೆರೆದಿದ್ದರೆ ಮಾತ್ರ ಅವು ಕೈಗೆ ಸಿಗುವುದು.

ತನ್ನ ಫೋನು ನೋಡಿದ. ಆ ಹೆಸರಿಲ್ಲದ್ದು ಅಲ್ಲೇ ಇತ್ತು. ಫೋನಿಗೆ ನೆಂಟನಾದದ್ದು ಬೀಗಕ್ಕೂ ನೆಂಟನಾಗಿತ್ತು. ಅದರ ಎದುರಿಗೆ 'ಮರೆತುಬಿಡು' ಅಂತ ಒಂದು ಗುಂಡಿ. ಒತ್ತಿದ. ಹೋಯಿತು.

ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಕಿವಿಯ ಹಾಡಿನ ತುಂಡುಗಳಿಂದ ಸೊಳ್ಳೆಯಷ್ಟು ಸಣ್ಣ ದನಿ ಬಂತು. ಹೆಣ್ಣಿನ ದನಿ.

"ಹೂಂ ಅಂದ್ಯಲ್ಲ..."

ಚಿಲಕ ಮೇಜಿನ ಹತ್ತಿರ ಬಂದ. ಬಗ್ಗಿ, ಪಿಸುಗುಟ್ಟಿದ. "ತಪ್ಪಾಯ್ತು. ನಾನು ಮರ್ತೆ."

"ನಾನು ಮರ್ತಿಲ್ಲ."

"ನೀನೂ ಮರ್ತ್ಬಿಡು ತಾಯಿ. ನನ್ ಹೆಂಡ್ತಿ ಸಾಯ್ತಾಳೆ."

ತೊಟ್... ತೊಟ್... ನೀರು ಬೀಳುವ ಸದ್ದು. ಮನೆಯ ನಲ್ಲಿಗಳೆಲ್ಲ ಮುಚ್ಚಿದ್ದವು.

"ಎಲ್ಲರೂ ಹಂಗೇ ಅಂದ್ರು... ಮರ್ತೆ ಅಂತ."

ಫೋನು ಟಿಣ್ ಅಂತು. ಹೆಸರಿಲ್ಲದ್ದು ವಾಪಸು ಬಂದಿತ್ತು. ಈ ಸಲ ಯಾರನ್ನೂ ಕೇಳಲಿಲ್ಲ. ಬೀಗದ ನೆನಪನ್ನೇ ಪೂರ್ತಿ ಒರೆಸಿದ. ಆ ಹೆಸರಿಲ್ಲದ್ದೇ ಎಲ್ಲರಿಗಿಂತ ಮೊದಲು ಬಂದು ಕೂತಿತು. ಖಾಲಿ ಬಸ್ಸಿನಲ್ಲಿ ಕಿಟಕಿ ಪಕ್ಕ ಹಿಡಿದ ಹಾಗೆ.

ಬಸ್ಸು! ಅಲ್ಲೇ ಅವನಿಗೆ ಹೊಳೆದದ್ದು. ಒಮ್ಮೆ ದೊಡ್ಡ ಸಂಸಾರವೊಂದಕ್ಕೆ ಇದೇ ಬೀಗ ಕೂರಿಸಿದ್ದ. ಸೊಸೆ ಹೊಸ ಫೋನು ಜೋಡಿಸಿದ್ದೇ ತಡ, ಮನೆಯ ತಾತ ಬೀದಿಪಾಲು. ಯಾಕಂದರೆ ಬೀಗದೊಳಗೆ ಇರುವುದು ಎಂಟೇ ಸೀಟು. ಒಂಬತ್ತನೆಯವರು ಹತ್ತಿದರೆ ಮೊದಲು ಕೂತವರು ಇಳಿಯಲೇಬೇಕು. "ಬೀಗ ತಾತನ್ನ ಮರೀತು, ಸೊಸೆ ಮರೆತಂಗೆ" ಅಂತ ಆ ಮುದುಕ ಬೈದದ್ದನ್ನು ಹೇಳಿ ಹೇಳಿ ನಗಿಸುತ್ತಿದ್ದ.

ಬಾವಿಯವಳು ಮರೆಯುವುದು ಬೇಡ. ಬೀಗ ಮರೆತರೆ ಸಾಕು. ಆಮೇಲೆ ಅವಳು ಮತ್ತೆ ಬಾಗಿಲು ತಟ್ಟುವಷ್ಟರಲ್ಲಿ ಹೊರಗೆ ಹಾರಬೇಕು.

ತನ್ನ ಫೋನು ಜೋಡಿಸಿದ. ಹೆಂಡತಿಯ ಫೋನು. ಬೀರುವಿನ ಸೀರೆ ಮಡಿಕೆಯಿಂದ ಗಾಜು ಒಡೆದ ಹಳೇ ಫೋನು. ಟಿವಿ. ಹಾಡಿನ ಡಬ್ಬಿ. ಹೆಂಡತಿಯ ಕೈಗಡಿಯಾರ. ಮೈ ತೂಕ ನೋಡುವ ಯಂತ್ರವನ್ನೂ ಬಿಡಲಿಲ್ಲ. ಯಾರು ಕೈ ಚಾಚಿದರೂ ಕುಲುಕುವ ಬೀಗ ಅದು, ಒಂದನ್ನೂ 'ನೀನ್ಯಾರು' ಅನ್ನಲಿಲ್ಲ. ಟಿಣ್... ಟಿಣ್... ಏಳಾಯಿತು. ಬಾವಿಯವಳನ್ನೂ ಸೇರಿಸಿ ಎಂಟು ಸೀಟೂ ಭರ್ತಿ. ಅವಳನ್ನು ಇಳಿಸಲು ಇನ್ನೊಂದು ಬೇಕು. ಕಿವಿಯ ತುಂಡುಗಳು ಆಗಲೇ ಅವಳ ಪಾಲಾಗಿದ್ದವು, ಮನೆಯಲ್ಲಿ ಇನ್ನೇನೂ ಇಲ್ಲ.

ಹಾಸಿಗೆಯಿಂದ ಬರುತ್ತಿದ್ದ ಹುಯ್ಯ್ ನಿಂತಿತ್ತು. ಅವಳು ಬಾಯಿ ತೆರೆದು ಅವನನ್ನೇ ನೋಡುತ್ತಿದ್ದಳು. ಸದ್ದಿಲ್ಲ.

ಆಗ ಅವನಿಗೆ ನನ್ನ ನೆನಪಾದದ್ದು. ಕುರ್ಚಿ ಎತ್ತಿ ನೆಲಕ್ಕೆ ಕುಕ್ಕಿದ. ಧಡ್, ಧಡ್, ಧಡ್. ನಾನು ಕಿವಿಯ ಮಿಷನ್ನು ಬಿಚ್ಚಿಟ್ಟು ಮಲಗಿದ್ದೆ. ಗುಡುಗಿದರೂ ಕೇಳುವುದಿಲ್ಲ. ಆದರೆ ಮೂಗಿನ ಮೇಲೆ ಸುಣ್ಣದ ಪುಡಿ ಬಿತ್ತು! ಬೇರೆ ಯಾರಾದರೂ ಆಗಿದ್ದರೆ ಸೀನಿ ಮಗ್ಗುಲಾಗುತ್ತಿದ್ದರು. ನಾನು ಮಿಷನ್ನು ಸಿಕ್ಕಿಸಿಕೊಂಡು ಒಂದೇ ಉಸಿರಿಗೆ ಮೇಲೆ ಹೋದೆ.

"ಏನೋ ಚಿಲಕ, ಕಟ್ಟಡ ಬೀಳಿಸ್ತೀಯಾ?"

"ಮಾವ, ಮಾತಾಡ್ಬೇಡಿ. ಕಿವಿ ಮಿಷನ್ನು ತೆಗ್ದು ಸೆಲ್ಲಿನ ಮುಚ್ಚಳ ತೆರೆದು ಮುಚ್ಚಿ. ಮತ್ತೆ ಹಾಕ್ಕೊಂಡು ಬಾಗಿಲಿಗೆ ಒತ್ಕೊಂಡು ನಿಲ್ಲಿ. ಇವಳಿಗೆ ಉಸಿರಿಲ್ಲ!"

ಯಾಕೆ ಏನು ಅಂತ ಕೇಳಲಿಲ್ಲ. ಹೇಳಿದ ಹಾಗೆ ಮಾಡಿದೆ. ಮುಚ್ಚಳ ಹಾಗೆ ತೆರೆದು ಮುಚ್ಚಿದರೆ ನನ್ನ ಮಿಷನ್ನೂ ಫೋನಿನ ಹಾಗೆ ಹೊಸ ಜೋಡಿಗೆ ಕೈ ಚಾಚುತ್ತಂತೆ.

ಒಳಗೆ ಚಿಲಕ ಗುಂಡಿ ಒತ್ತಿ ಕಾದ. ಟಿಣ್ ಬರಲಿಲ್ಲ. ಬಾಗಿಲಿನ ಆಚೆಯಿಂದ ನನ್ನ ಉಸಿರು ಅವನಿಗೆ ಕೇಳುತ್ತಿತ್ತು. ಆಮೇಲೆ ನಾನು ಯಾರಿಗೋ ಮೆಲ್ಲಗೆ, ಸಮಾಧಾನ ಮಾಡುವವರ ಹಾಗೆ ಹೇಳಿದ್ದು ಕೇಳಿಸಿತು.

"ಇಲ್ಲಮ್ಮ... ನಾನು ಕಿವುಡ."

ಟಿಣ್.

ನನ್ನನ್ನು ಏನು ಕೇಳಿತು ಅಂತೀರಾ? ಮೊದಲು ತೊಟ್... ತೊಟ್... ನೀರು. ಆಮೇಲೆ ಕಿವಿಯ ಒಳಗೇ, ಮೆದುಳಿಗೆ ಅಂಟಿಕೊಂಡ ಹಾಗೆ, 'ನಿಂಗಾದ್ರೂ ಕೇಳಿಸ್ತಿದೆಯಾ?' ಅಂತು. ಪಾಪ ಅನ್ನಿಸಿತು ಕಣ್ರೀ. ಯಾವ ಕಾಲದಿಂದ ಕೇಳುತ್ತಿತ್ತೋ ಏನೋ. ಆದರೂ ಇಲ್ಲ ಅಂದೆ.

ಗ್ರ್‌ರ್... ನಾಲಿಗೆ ಅರ್ಧ ಹೋಯಿತು. ನಿಲ್ಲಲಿಲ್ಲ. ಪೂರ್ತಿ ಹೋಯಿತು. ಚಿಲಕ ಬಾಗಿಲು ಎಳೆದ, ನಾನು ದೂಡಿದೆ. ಅವನು ಹೆಂಡತಿಯನ್ನು ಎತ್ತಿಕೊಂಡು ಹೊಸಿಲು ದಾಟಿದ್ದೇ ತಡ, ಹಿಂದೆ ಬಾಗಿಲು ಧಡಾರ್ ಅಂತ ಬಡಿದುಕೊಂಡಿತು. ಟಕ್. ಆಮೇಲೆ ಖಾಲಿ ಮನೆಯೊಳಗೆ ಗ್ರ್‌ರ್, ಟಕ್, ಗ್ರ್‌ರ್, ಟಕ್... ಹುಡುಕುತ್ತಿತ್ತು.

ಮೂರು ಮಾಳಿಗೆ ಅವಳನ್ನು ಹೊತ್ತು ಇಳಿಸಿದ್ದು ನಾನೇ. ತಾನು ಹೊತ್ತೆ ಅಂತ ಚಿಲಕ ಹೇಳುತ್ತಾನೆ, ನಂಬಬೇಡಿ. ಆಸ್ಪತ್ರೆಯಲ್ಲಿ ಮುಖಕ್ಕೆ ಮುಸುಕು ಹಾಕಿ ಮದ್ದಿನ ಹಬೆ ಬಿಟ್ಟರು. ನಾಡಿ ನೋಡಲು ಬೆರಳಿಗೊಂದು ಕ್ಲಿಪ್ಪು ಕಚ್ಚಿಸಿದರು. ಅದಕ್ಕೂ ತಂತಿಯಿಲ್ಲ. ಅಂಕಿ ದೂರದ ಗೋಡೆಯ ಪರದೆಯ ಮೇಲೆ ಬರುತ್ತೆ. ಬೆಳಗಾಗುವ ಹೊತ್ತಿಗೆ ಅವಳ ತುಟಿಗೆ ಬಣ್ಣ ಬಂತು. ಕಣ್ಣು ತೆರೆದವಳೇ ಗಂಡನಿಗೆ, "ನಾಳೆ ಒಂದು ಕಬ್ಬಿಣದ ಅಗುಳಿ ತಂದ್ಹಾಕಿ, ಸಾಕು" ಅಂದಳು. ನಾವಿಬ್ಬರೂ ನಕ್ಕೆವು.

ನರ್ಸಮ್ಮ ಬಂದು, "ಚೆನ್ನಾಗಿದ್ದಾರೆ, ಕರ್ಕೊಂಡು ಹೋಗಿ" ಅಂತ ಬೆರಳಿನ ಕ್ಲಿಪ್ಪು ತೆಗೆದು ತಟ್ಟೆಯ ಮೇಲಿಟ್ಟಳು.

ಪರದೆ ನಿಲ್ಲಲಿಲ್ಲ. ಪೀಂಕ್... ಪೀಂಕ್... ನಿಧಾನವಾಗಿ, ಮಲಗಿದವರ ನಾಡಿಯ ಹಾಗೆ.

ನರ್ಸಮ್ಮ ಕ್ಲಿಪ್ಪನ್ನು ತಟ್ಟಿದಳು. ಸೆಲ್ಲು ತೆಗೆದು ಪಕ್ಕದಲ್ಲಿಟ್ಟಳು. "ಹಳೇದಿದು, ಹಿಂಗೇ ಆಡುತ್ತೆ" ಅಂದಳು. ಆದರೆ ಆ ಮಂಚದ ಹತ್ತಿರ ಮತ್ತೆ ಹೋಗಲಿಲ್ಲ.

ಚಿಲಕ ಹೆಂಡತಿಯ ಕೈ ಹಿಡಿದು ಎಬ್ಬಿಸಿದ. "ನಡೀರಿ ಮಾವ" ಅಂದ, ಅಷ್ಟೇ.

ಬಾಗಿಲಲ್ಲಿ ನಾನೊಬ್ಬನೇ ತಿರುಗಿ ನೋಡಿದ್ದು. ತಟ್ಟೆಯ ಮೇಲೆ ಸೆಲ್ಲಿಲ್ಲದ ಕ್ಲಿಪ್ಪು, ಅದರಲ್ಲಿ ಬೆರಳಿಲ್ಲ. ಗೋಡೆಯ ಮೇಲೆ ನಾಡಿ ಮೊದಲಿಗಿಂತ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಇದೇ ಎರಡು ಕಣ್ಣಲ್ಲಿ ನೋಡಿದ್ದೇನೆ.